ಶಿವಮೊಗ್ಗದಲ್ಲಿ ಬಾಡಿಗೆಗೆ ಬಿಡೋಕೆ ಮನೆ ತಗೋತೀರಾ? 25 ಸಾವಿರದ ಬಾಡಿಗೇಲಿ ಕೈಗೆ ಸಿಗೋದೆಷ್ಟು ಅಂತ ಲೆಕ್ಕ ಹಾಕೋದು ಹೀಗೆ

ಹೋದ ತಿಂಗ್ಳು ತೀರ್ಥಹಳ್ಳಿಯಿಂದ ನಮ್ಮ ಭಾವ ಫೋನ್ ಮಾಡಿದ್ರು. ಗೋಪಾಳದ ಕಡೆ ಒಂದು ಮನೆ ಇದೆ ಮಾರಾಯಾ, ಥರ್ಟಿ ಫಾರ್ಟಿ ಸೈಟು, ಕೆಳಗೊಂದು ಮೇಲೊಂದು ಮನೆ, ಎರಡ್ರಲ್ಲೂ ಬಾಡಿಗೆಯವ್ರು ಇದಾರೆ, ಕೆಳಗಡೆ 14 ಮೇಲ್ಗಡೆ 11, ಒಟ್ಟು 25 ಸಾವಿರ ತಿಂಗ್ಳಿಗೆ, 85 ಲಕ್ಷ ಹೇಳ್ತಿದಾರೆ, ಅಡ್ವಾನ್ಸ್ ಕೊಟ್ಬಿಡ್ಲಾ ಅಂತ. ಅವ್ರ ಅವಸರ ನಂಗೆ ಅರ್ಥ ಆಗತ್ತೆ. ತೋಟಕ್ಕೆ ಎಲೆಚುಕ್ಕಿ ರೋಗ ಬಂದ್ಮೇಲೆ ಮಲೆನಾಡಲ್ಲಿ ಅಡಿಕೆ ಬೆಳೆಯೋ ಸುಮಾರು ಜನಕ್ಕೆ ಈಗ ಇದೇ ಯೋಚ್ನೆ, ಪೇಟೇಲಿ ಒಂದು ಮನೆ ಇದ್ರೆ ಮಕ್ಕಳ ಪಿಯುಸಿಗೂ ಆಯ್ತು, ಆಮೇಲೆ ಬಾಡಿಗೆನೂ ಬರತ್ತೆ, ಅದಕ್ಕೆ ಔಷಧಿ ಹೊಡಿಯೋದು ಬೇಡ ಅಡಿಕೆ ಕೊನೆ ಇಳ್ಸೋ ಕೊನೆಗಾರನ್ನ ಹುಡ್ಕೋದು ಬೇಡ ಅಂತ. ಆದ್ರೆ ಮನೆಗೂ ಔಷಧಿ ಹೊಡೀಬೇಕು ಭಾವ, ಬಂದು ಕೂತ್ಕೊಳ್ಳಿ ಲೆಕ್ಕ ಹಾಕಣ ಅಂದೆ. ಬಂದ್ರು. ಮಂಡಿ ಚೀಟಿ ಹಿಂಬದಿಲಿ ಹಾಕಿದ ಲೆಕ್ಕನೇ ಇಲ್ಲಿ ಬರೀತಿದೀನಿ. ಇಲ್ಲಿರೋ ರೇಟು ಆ ಒಂದು ಮನೇದು, ನೀವು ನೋಡಿರೋ ಮನೆ ನಂಬರ್ ಹಾಕ್ಕೊಳ್ಳಿ, ದಾರಿ ಮಾತ್ರ ಇದೇ.

ಮೊದಲ್ನೇದು, ಎಲ್ರೂ ಮಾಡೋ ಲೆಕ್ಕ. 25 ಸಾವಿರ ಗುಣಿಸು 12, ವರ್ಷಕ್ಕೆ 3 ಲಕ್ಷ. ಅದನ್ನ 85 ಲಕ್ಷಕ್ಕೆ ಭಾಗ್ಸಿದ್ರೆ 3.5 ಪರ್ಸೆಂಟ್. ಬ್ರೋಕರ್ ಹೇಳೋದು ಇಷ್ಟೇ, ಅದೂ ಪರ್ಸೆಂಟ್ ಲೆಕ್ಕದಲ್ಲಿ ಹೇಳಲ್ಲ, "ತಿಂಗ್ಳಿಗೆ 25 ಸಾವಿರ ಸರ್, ಮನೇಲಿ ಕೂತ್ಕೊಂಡು" ಅಂತಾರೆ, ಕೇಳೋಕೆ ಚೆನ್ನಾಗಿರತ್ತೆ. ಈ ಭಾಗಾಕಾರದಲ್ಲಿ ಕೆಳಗಿರೋ 85 ಲಕ್ಷನೂ ತಪ್ಪು, ಮೇಲಿರೋ 3 ಲಕ್ಷನೂ ತಪ್ಪು.

ಕೆಳಗಿಂದು ಸರಿ ಮಾಡೋದು ಸುಲಭ. ನಿಮ್ಮ ಜೇಬಿಂದ ಒಟ್ಟು ಎಷ್ಟು ಹೋಗತ್ತೆ ಅನ್ನೋದು ಬೇಕು, ಮಾರೋನು ಹೇಳಿದ ರೇಟಲ್ಲ. ಪೇಟೆ ಮಿತೀಲಿ ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ 5.6, ರಿಜಿಸ್ಟ್ರೇಷನ್ ಫೀಸು ಮುಂಚೆ 1 ಇತ್ತು, 2025ರ ಆಗಸ್ಟ್ ಕೊನೆಯಿಂದ 2 ಮಾಡಿದಾರೆ. ಒಟ್ಟು 7.6 ಪರ್ಸೆಂಟ್. ಹಳೇ 6.6 ತಲೇಲಿಟ್ಕೊಂಡು ದುಡ್ಡು ಹೊಂಚಿಟ್ಟಿದ್ರೆ ಸಬ್ ರಿಜಿಸ್ಟ್ರಾರ್ ಆಫೀಸ್ ಬಾಗ್ಲಲ್ಲಿ ಫೋನ್ ಹಿಡ್ಕೊಂಡು ನಿಲ್ಬೇಕಾಗತ್ತೆ. ಇದು ನೀವು ಕೊಡೋ ರೇಟು ಮತ್ತೆ ಸರ್ಕಾರದ ಮಾರ್ಗಸೂಚಿ ದರ ಎರಡ್ರಲ್ಲಿ ಯಾವ್ದು ಜಾಸ್ತಿನೋ ಅದರ ಮೇಲೆ. 85 ಲಕ್ಷಕ್ಕೆ 6 ಲಕ್ಷ 46 ಸಾವಿರ ಆಯ್ತು. ಬ್ರೋಕರ್‌ಗೆ 1 ಪರ್ಸೆಂಟ್ ಅಂದ್ರೂ 85 ಸಾವಿರ. ವಕೀಲರ ಹತ್ರ ಕಾಗದ ನೋಡ್ಸೋದು, ಪತ್ರ ಬರ್ಸೋದು, ಖಾತೆ ಬದಲಾವಣೆ ಓಡಾಟ ಎಲ್ಲಾ ಸೇರಿ 20 ಸಾವಿರ. ತಗೊಂಡ ತಕ್ಷಣ ಬಣ್ಣ, ನಲ್ಲಿ, ಒಂದೆರಡು ಬಾಗ್ಲು, ಟೆರೇಸ್ ಕೆಲ್ಸ ಅಂತ ಒಂದೂವರೆ ಲಕ್ಷ. ಕೂಡಿದ್ರೆ 94 ಲಕ್ಷ. ಭಾವ ಇಲ್ಲೇ ಒಂದ್ಸಲ ಚೀಟಿ ಎತ್ಕೊಂಡು ನೋಡಿದ್ರು. ಇನ್ನೊಂದು ಮಾತು, 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ತಗೊಳೋರು ಮಾರೋನಿಗೆ ಕೊಡೋ ದುಡ್ಡಲ್ಲಿ 1 ಪರ್ಸೆಂಟ್ ಟಿಡಿಎಸ್ ಹಿಡ್ದು ಸರ್ಕಾರಕ್ಕೆ ಕಟ್ಟಬೇಕು, ಅದು ನಿಮ್ಮ ಖರ್ಚಲ್ಲ ಆದ್ರೆ ಮರೆತ್ರೆ ದಂಡ ಬಡ್ಡಿ ನಿಮ್ಗೇ.

ಈಗ ಮೇಲಿಂದು, ಅಂದ್ರೆ ಬಾಡಿಗೆ. ನಿಜ ಕೆಲ್ಸ ಇರೋದು ಇಲ್ಲೇ.

25 ಸಾವಿರ ಬರ್ತಿದೆ ಅಂತ ಯಾರು ಹೇಳಿದ್ದು? ಮಾರೋನು. ಅವ್ನ ಮಾತು ಬಿಟ್ಟು ಬಾಡಿಗೆ ಕರಾರು ತೋರ್ಸಿ ಅನ್ನಿ, ಬ್ಯಾಂಕಿಗೆ ಬಾಡಿಗೆ ಜಮಾ ಆಗಿರೋದು ಆರು ತಿಂಗ್ಳದ್ದು ತೋರ್ಸಿ ಅನ್ನಿ. ಆಮೇಲೆ ಆ ಕ್ರಾಸಲ್ಲೇ ಒಂದು ಸಂಜೆ ಓಡಾಡಿ, "ಮನೆ ಬಾಡಿಗೆಗಿದೆ" ಅಂತ ಬೋರ್ಡ್ ಇರೋ ಮೂರ್ನಾಲ್ಕು ನಂಬರ್‌ಗೆ ಬಾಡಿಗೆಗೆ ಬೇಕಿತ್ತು ಅಂತ್ಲೇ ಫೋನ್ ಮಾಡಿ. ಹಾಗೆ ಮಾಡ್ದಾಗ ನಮ್ಗೆ ಗೊತ್ತಾಗಿದ್ದೇನಂದ್ರೆ ಆ ಬೀದೀಲಿ ಮೇಲಿನ ಮನೆಗೆ 9ರಿಂದ 10 ಸಾವಿರ ಅಷ್ಟೇ, ಇವ್ರ ಮೇಲಿನ ಮನೇಲಿ ಇರೋದು ಮಾರೋರ ನೆಂಟ್ರು, 11 ಸಾವಿರ ಅನ್ನೋದು ಬಾಯಿ ಮಾತು. ಆದ್ರೂ ಲೆಕ್ಕಕ್ಕೆ 25ನೇ ಇಟ್ಕೊಳ್ಳಣ, ಅಷ್ಟು ಒಳ್ಳೇತನ ಇರ್ಲಿ.

ಯಾರು ಬಾಡಿಗೆಗೆ ಬರ್ತಾರೆ ಅನ್ನೋದು ಏರಿಯಾ ಮೇಲೆ. ನವುಲೆ, ಸವಳಂಗ ರೋಡ್ ಕಡೆ ಇಂಜಿನಿಯರಿಂಗ್ ಕಾಲೇಜ್ ಹುಡುಗ್ರು, ಸಾಗರ ರೋಡ್ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಯವ್ರು, ವಿನೋಬನಗರ ಗೋಪಾಳದ ಕಡೆ ಬ್ಯಾಂಕು ಸರ್ಕಾರಿ ಆಫೀಸಿಗೆ ವರ್ಗ ಆಗಿ ಬಂದೋರು, ಹೊಸನಗರ ಸಾಗರ ತೀರ್ಥಹಳ್ಳಿಯಿಂದ ಮಕ್ಕಳ ಓದಿಗೆ ಅಂತ ಅಮ್ಮ ಮಕ್ಕಳು ಮಾತ್ರ ಬಂದಿರೋರು. ಹುಡುಗ್ರಿಗೆ ಕೊಟ್ರೆ ತಲೆ ಲೆಕ್ಕದಲ್ಲಿ ಬಾಡಿಗೆ ಜಾಸ್ತಿ ಸಿಗತ್ತೆ, ಆದ್ರೆ ಎರಡು ವರ್ಷಕ್ಕೆ ಬಾತ್‌ರೂಮ್ ಬಾಗ್ಲು ಅವ್ರ ಜೊತೆಗೇ ಡಿಗ್ರಿ ಮುಗ್ಸತ್ತೆ.

ಖಾಲಿ ಬೀಳೋ ತಿಂಗಳು ಲೆಕ್ಕಕ್ಕೆ ಹಿಡೀರಿ. ನಮ್ಮೂರಲ್ಲಿ ಮನೆ ಬದಲಾಗೋದು ಏಪ್ರಿಲ್‌ನಿಂದ ಜೂನ್ ಒಳಗೆ, ಸ್ಕೂಲ್ ಕಾಲೇಜ್ ಶುರುವಾಗೋ ಮುಂಚೆ. ಜೂನ್ ಕೊನೇಲಿ ಯಾರಾದ್ರೂ ಬಿಟ್ಟು ಹೋದ್ರು ಅಂದ್ಕೊಳ್ಳಿ, ಆಷಾಢ ಬಂತು, ಆಷಾಢದಲ್ಲಿ ಹೊಸ ಮನೇಲಿ ಹಾಲು ಉಕ್ಸೋಕೆ ಯಾರೂ ಬರಲ್ಲ. ಶ್ರಾವಣದಲ್ಲಿ ಸಿಕ್ರೆ ಪುಣ್ಯ, ತಪ್ಪಿದ್ರೆ ಸ್ವಲ್ಪ ದಿನಕ್ಕೆ ಪಿತೃಪಕ್ಷ. ಬಾಡಿಗೆ ಬರ್ದೇ ಇರೋ ತಿಂಗ್ಳೂ ಮೆಸ್ಕಾಂ ಮಿನಿಮಮ್ ಬಿಲ್ಲು ಬರತ್ತೆ. ನಾನು ವರ್ಷಕ್ಕೆ ಒಂದು ತಿಂಗ್ಳು ಖಾಲಿ ಅಂತ ಹಿಡೀತೀನಿ, ಎರಡು ವರ್ಷ ಒಬ್ರೇ ಇದ್ರೂ ಮೂರನೇ ವರ್ಷ ಮೂರು ತಿಂಗ್ಳು ಖಾಲಿ ಬಿದ್ದು ಸರಿ ಹೋಗತ್ತೆ. ಹಾಗಾಗಿ 12 ಅಲ್ಲ 11 ತಿಂಗ್ಳು, 2 ಲಕ್ಷ 75 ಸಾವಿರ.

ಆಮೇಲೆ ಮಳೆ. ಬೆಂಗ್ಳೂರಲ್ಲಿ ಕೂತು ಬಾಡಿಗೆ ಲೆಕ್ಕ ಬರಿಯೋರಿಗೆ ಇದು ಗೊತ್ತಾಗಲ್ಲ. ನಾನು 2014ರಲ್ಲಿ ವಿನೋಬನಗರದಲ್ಲಿ ಒಂದು ಹಳೇ ಮನೆ ತಗೊಂಡೆ, ನೋಡಿದ್ದು ಮಾರ್ಚಲ್ಲಿ, ಹೊಸ ಬಣ್ಣ ಘಂ ಅಂತಿತ್ತು, ಎಷ್ಟು ನೀಟಾಗಿಟ್ಟಿದಾರೆ ಅಂತ ಖುಷಿ ಪಟ್ಟೆ. ಜೂನ್ ಎರಡನೇ ವಾರ ಬಾಡಿಗೆಯಮ್ಮ ಫೋನ್ ಮಾಡಿದ್ರು, ಬಂದ್ ನೋಡಿ ಅಂತ. ಹೋದ್ರೆ ರೂಮಲ್ಲಿ ಬೀರು ನಡು ಮಧ್ಯಕ್ಕೆ ಎಳ್ಕೊಂಡಿದಾರೆ, ಮಂಚದ ಮೇಲೆ ಪ್ಲಾಸ್ಟಿಕ್ ಹೊದಿಕೆ, ಮೂಲೇಲಿ ಇಡ್ಲಿ ಪಾತ್ರೆ ಇಟ್ಟಿದಾರೆ, ಟಪ್ ಟಪ್ ಅಂತ ಬೀಳ್ತಿದೆ, ಅವ್ರು ಜೋರು ಮಾಡಿದ್ರೂ ಪರ್ವಾಗಿರ್ಲಿಲ್ಲ, ಏನೂ ಮಾತಾಡ್ದೆ ಕಾಫಿ ಕೊಟ್ರು. ಆ ವರ್ಷ ವಾಟರ್‌ಪ್ರೂಫ್ ಮಾಡೋನಿಗೆ 60 ಸಾವಿರ ಕೊಟ್ಟೆ, ಮಾರನೇ ಮಳೆಗಾಲ ಆ ಮೂಲೆ ಬಿಟ್ಟು ಇನ್ನೊಂದು ಮೂಲೇಲಿ ಸೋರ್ತು, ಕೊನೆಗೆ ಟೆರೇಸ್ ಪೂರ್ತಿ ಕಬ್ಬಿಣದ ಟ್ರಸ್ ಹಾಕ್ಸಿ ಶೀಟ್ ಹೊದೆಸಿದ್ಮೇಲೆ ನಿಂತಿದ್ದು, ಅದಕ್ಕೆ 1 ಲಕ್ಷ 80. ಬಾಡಿಗೆ ಆಗ ತಿಂಗ್ಳಿಗೆ 7 ಸಾವಿರ ಇತ್ತು, ನೀವೇ ಭಾಗ್ಸಿ ನೋಡಿ ಎಷ್ಟು ತಿಂಗ್ಳ ಬಾಡಿಗೆ ನೀರಲ್ಲಿ ಹೋಯ್ತು ಅಂತ.

ಅದಕ್ಕೇ ಮನೆ ನೋಡೋಕೆ ಹೋದಾಗ ಹಾಲ್‌ನ ಟೈಲ್ಸ್ ನೋಡ್ಬೇಡಿ. ಕ್ಯಾಲೆಂಡರ್ ಸ್ವಲ್ಪ ಎತ್ತಿ ನೋಡಿ, ಬೀರು ಹಿಂದೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ನೆಲದಿಂದ ಒಂದು ಒಂದೂವರೆ ಅಡಿ ಎತ್ತರದಲ್ಲಿ ಗೋಡೆ ಮೇಲೆ ಹೆಬ್ಬೆಟ್ಟು ಒತ್ತಿ, ಥಂಡಿ ಹೊಡ್ದಿದ್ರೆ ಬಣ್ಣ ಹಪ್ಪಳದ ಥರ ಉಬ್ಬಿರತ್ತೆ, ಒತ್ತಿದ್ರೆ ಪಟ್ ಅಂತ ಒಡ್ದು ಬಿಳೀ ಉಪ್ಪಿನ ಪುಡಿ ಉದುರತ್ತೆ. ಟೆರೇಸ್ ಮೇಲೆ ಒಂದು ಬಕೆಟ್ ನೀರು ಸುರೀರಿ, ಪೈಪ್ ಕಡೆ ಹರೀತಾ ಇಲ್ಲಾ ನಡುವಲ್ಲಿ ನಿಲ್ಲತ್ತಾ ನೋಡಿ, ನಿಲ್ಲೋ ಜಾಗದಲ್ಲಿ ಕಪ್ಪು ಪಾಚಿ ಕಲೆ ಬೇಸಿಗೇಲೂ ಇರತ್ತೆ. ಮೇಲಿನ ಮನೆ ಬಾತ್‌ರೂಮ್ ಕೆಳಗೆ ಯಾವ ರೂಮ್ ಬರತ್ತೋ ಆ ಸೀಲಿಂಗ್ ನೋಡಿ. ತಗ್ಗಿನ ಬಡಾವಣೆ ಆದ್ರೆ 2019ರ ಆಗಸ್ಟಲ್ಲಿ ಇಲ್ಲಿ ನೀರು ಬಂದಿತ್ತಾ ಅಂತ ಪಕ್ಕದ ಮನೆಯವ್ರನ್ನ ಕೇಳಿ, ಮಾರೋನ್ನಲ್ಲ. ತುಂಗೇಲಿ ಮಂಟಪ ಮುಳುಗ್ತಾ ಅಂತ ನಾವೆಲ್ಲಾ ಸೇತುವೆ ಮೇಲೆ ನಿಂತು ನೋಡೋದು ಮಜಾ ಇರತ್ತೆ, ಆ ನೀರು ನಿಮ್ಮ ಬಾಡಿಗೆ ಮನೆ ಹಾಲ್‌ಗೆ ಬಂದ್ರೆ ಇರಲ್ಲ.

ಆ ಗೋಪಾಳದ ಮನೆಗೆ ವರ್ಷದ ಖರ್ಚು ನಾನು ಹಾಕಿದ್ದು ಹೀಗೆ, ಪಾಲಿಕೆ ಕಂದಾಯ 9 ಸಾವಿರ (ಏಪ್ರಿಲಲ್ಲಿ ಕಟ್ಟಿದ್ರೆ 5 ಪರ್ಸೆಂಟ್ ಬಿಡ್ತಾರೆ, ಬಿಡ್ಬೇಡಿ), ಸೋರಿಕೆ ಪ್ಲಂಬಿಂಗ್ ವೈರಿಂಗ್ ರಿಪೇರಿ 25 ಸಾವಿರ, ಬಾಡಿಗೆಯವ್ರು ಬದಲಾದಾಗ ಬಣ್ಣ ಮೂರು ವರ್ಷಕ್ಕೊಂದ್ಸಲ 45 ಸಾವಿರ ಅಂದ್ರೆ ವರ್ಷಕ್ಕೆ 15, ಇನ್ಶೂರೆನ್ಸ್ 4, ಸಂಪು ಟ್ಯಾಂಕು ಕ್ಲೀನಿಂಗ್ ಮೋಟರ್ ಅಂತ 6. ಒಟ್ಟು 59 ಸಾವಿರ. 2 ಲಕ್ಷ 75ರಲ್ಲಿ ಅದನ್ನ ಕಳೆದ್ರೆ ಉಳಿಯೋದು 2 ಲಕ್ಷ 16 ಸಾವಿರ. 94 ಲಕ್ಷಕ್ಕೆ ಭಾಗ್ಸಿ.

2.3 ಪರ್ಸೆಂಟ್.

ಭಾವ ಕನ್ನಡಕ ತೆಗ್ದು ಒರ್ಸ್ಕೊಂಡ್ರು. ಅದೇ 94 ಲಕ್ಷ ಬ್ಯಾಂಕಲ್ಲಿ 6.5ಕ್ಕೆ ಎಫ್‌ಡಿ ಇಟ್ರೆ ವರ್ಷಕ್ಕೆ 6 ಲಕ್ಷ 11 ಸಾವಿರ, ಇಡ್ಲಿ ಪಾತ್ರೆ ಇಡೋ ಕೆಲ್ಸ ಇಲ್ಲ. "ಹಂಗಾದ್ರೆ ಊರಲ್ಲಿ ಎಲ್ರೂ ಎಂತಕ್ಕೆ ತಗೋತಾರೆ?" ಅಂದ್ರು. ರೇಟ್ ಏರತ್ತೆ ಅಂತ ಭಾವ. ಬಾಡಿಗೆ ಬರೀ ಕಾಫಿ ಖರ್ಚು, ನಿಜವಾಗಿ ನೀವು ದುಡ್ಡು ಹಾಕ್ತಿರೋದು ಹತ್ತು ವರ್ಷ ಆದ್ಮೇಲಿನ ರೇಟಿನ ಮೇಲೆ. ಹಾಗಾದ್ರೆ ರೇಟು ಎಷ್ಟು ಏರ್ಬೇಕು ಅನ್ನೋದೇ ಅಸಲಿ ಪ್ರಶ್ನೆ, ಅದನ್ನ ಯಾರೂ ಕೇಳಲ್ಲ, "ಏರೇ ಏರತ್ತೆ" ಅಂತ ಬಿಟ್ಬಿಡ್ತಾರೆ.

ಎಕ್ಸೆಲ್ ಇದ್ರೆ ಇದು ಹತ್ತು ನಿಮಿಷದ ಕೆಲ್ಸ, ನಿಮ್ಗೆ ಬರ್ದಿದ್ರೆ ಮನೇಲಿ ಡಿಗ್ರಿ ಓದೋ ಮಕ್ಕಳಿಗೆ ಕೊಡಿ. ಮೊದಲ ಸಾಲಲ್ಲಿ ಮೈನಸ್ 94 ಲಕ್ಷ, ಆಮೇಲೆ ಹತ್ತು ಸಾಲಲ್ಲಿ ವರ್ಷವರ್ಷದ ನಿವ್ವಳ ಬಾಡಿಗೆ, ಮೊದಲ ವರ್ಷ 2 ಲಕ್ಷ 16, ಆಮೇಲೆ ವರ್ಷಕ್ಕೆ 5 ಪರ್ಸೆಂಟ್ ಏರ್ಸಿ, ಹತ್ತನೇ ವರ್ಷದ ಸಾಲಿಗೆ ಮನೆ ಮಾರಿದ್ರೆ ಬರೋ ದುಡ್ಡು ಬ್ರೋಕರ್ 1 ಪರ್ಸೆಂಟ್ ಕಳೆದು ಕೂಡ್ಸಿ, ಕೆಳಗೆ ಐಆರ್‌ಆರ್ ಫಾರ್ಮುಲಾ (ಹಾಕಿದ ದುಡ್ಡಿಗೆ ವರ್ಷಕ್ಕೆ ಒಟ್ಟು ಎಷ್ಟು ಪರ್ಸೆಂಟ್ ಬಿತ್ತು ಅಂತ ಹೇಳೋದು) ಹಾಕಿ. ನಾನು ಹಾಕಿ ನೋಡ್ದೆ. ಮನೆ ರೇಟು ವರ್ಷಕ್ಕೆ 3 ಪರ್ಸೆಂಟ್ ಏರಿದ್ರೆ ನಿಮ್ಮ ಒಟ್ಟು ಗಳಿಕೆ ವರ್ಷಕ್ಕೆ 4.5 ಪರ್ಸೆಂಟ್. 5 ಏರಿದ್ರೆ 6.3, ಅಂದ್ರೆ ಎಫ್‌ಡಿ ಹತ್ರ ಹತ್ರ. 8 ಏರಿದ್ರೆ ಸುಮಾರು 9. ಇದೆಲ್ಲಾ ತೆರಿಗೆ ಕಟ್ಟೋ ಮುಂಚೆ.

5 ಏರೋದೇನು ಮಹಾ ಅನ್ಬೇಡಿ, ಇಲ್ಲೊಂದು ಸೂಕ್ಷ್ಮ ಇದೆ. ಏರೋದು ಜಾಗ, ಕಟ್ಟಡ ಅಲ್ಲ. ಆ ಸೈಟು 1200 ಚದರಡಿ, ಅಡಿಗೆ 4500 ಅಂದ್ರೆ ಜಾಗ 54 ಲಕ್ಷ, ಉಳಿದ 31 ಲಕ್ಷ ಕಟ್ಟಡಕ್ಕೆ ಕೊಡ್ತಿರೋದು. ಕಟ್ಟಡ ವರ್ಷ ವರ್ಷ ಹಳೇದಾಗತ್ತೆ, ನಮ್ಮ ಮಳೆಗೆ ಇನ್ನೂ ಬೇಗ. ಪಾಪ ಅಂತ ಅದು 31ರಲ್ಲೇ ನಿಂತಿದೆ ಅಂದ್ಕೊಂಡ್ರೂ, ಮನೆ ಒಟ್ಟು ರೇಟು ವರ್ಷಕ್ಕೆ 5ರಂತೆ ಏರಿ ಹತ್ತು ವರ್ಷಕ್ಕೆ 138 ಲಕ್ಷ ಆಗ್ಬೇಕಂದ್ರೆ ಜಾಗ 54ರಿಂದ 107ಕ್ಕೆ ಹೋಗ್ಬೇಕು, ಹೆಚ್ಚುಕಮ್ಮಿ ಡಬಲ್, ವರ್ಷಕ್ಕೆ 7 ಪರ್ಸೆಂಟ್. ಅದಕ್ಕೇ ಬಾಡಿಗೆಗೆ ತಗೊಳೋ ಮನೇಲಿ ಜಾಗದ ಪಾಲು ಎಷ್ಟು ಕಟ್ಟಡದ ಪಾಲು ಎಷ್ಟು ಅಂತ ಬೇರೆ ಮಾಡಿ ಬರ್ಕೊಳ್ಳಿ, ಪಿಒಪಿ ಸೀಲಿಂಗ್ ತೋರ್ಸಿ ಐದು ಲಕ್ಷ ಜಾಸ್ತಿ ಕೇಳೋರ ಹತ್ರ ಈ ಚೀಟಿ ಕೆಲ್ಸಕ್ಕೆ ಬರತ್ತೆ.

ಬ್ರೋಕರ್ ಇದಕ್ಕೆಲ್ಲಾ ಕೊಡೋ ಉತ್ತರ ಒಂದೇ, ಏರ್‌ಪೋರ್ಟ್. ಸೋಗಾನೆ ಏರ್‌ಪೋರ್ಟ್ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ 27ಕ್ಕೆ. ಅದು ಬರತ್ತೆ ಅಂತ ಏರ್ಸಿದ್ರು, ಬಂತು ಅಂತ ಏರ್ಸಿದ್ರು, ಈಗಿನ 85 ಲಕ್ಷದಲ್ಲಿ ಏರ್‌ಪೋರ್ಟ್ ಆಗ್ಲೇ ಸೇರ್ಕೊಂಡಿದೆ, ಮತ್ತೊಂದ್ಸಲ ಯಾಕೆ ಕೊಡ್ತೀರಾ.

ಭೋಗ್ಯದ (ಒಟ್ಟಿಗೆ ದುಡ್ಡು ತಗೊಂಡು ಬಾಡಿಗೆ ಇಲ್ದೆ ಮನೆ ಕೊಟ್ಟು, ಬಿಡುವಾಗ ಆ ದುಡ್ಡು ವಾಪಸ್ ಕೊಡೋದು) ವಿಚಾರ ಹೇಳ್ಲೇಬೇಕು, ಯಾಕಂದ್ರೆ ನಮ್ಮಲ್ಲಿ ಎಷ್ಟೋ ಜನ "ಬಾಡಿಗೆ ರಗಳೆ ಬೇಡ, ಲೀಸಿಗೆ ಹಾಕ್ಬಿಡ್ತೀನಿ" ಅಂತಾರೆ. ಮೇಲಿನ ಮನೇನ 8 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಹಾಕಿದ್ರಿ ಅಂದ್ಕೊಳ್ಳಿ. 8 ಲಕ್ಷಕ್ಕೆ ಎಫ್‌ಡಿ ಬಡ್ಡಿ 52 ಸಾವಿರ, ತಿಂಗ್ಳಿಗೆ 4300. ಬಾಡಿಗೆ ಆಗಿದ್ರೆ 11 ಸಾವಿರ ಬರ್ತಿತ್ತು. ಆ 8 ಲಕ್ಷದಲ್ಲಿ 8.5ರ ಸಾಲ ತೀರ್ಸಿದ್ರೂ ಉಳಿಯೋದು ತಿಂಗ್ಳಿಗೆ 5700ರ ಬಡ್ಡಿ ಅಷ್ಟೇ. ಇನ್ನೊಂದು ಕಡೆಯಿಂದ ನೋಡಿ, ನೀವು ತಗೊಳೋ ಮನೇಲಿ ಈಗ್ಲೇ ಯಾರಾದ್ರೂ ಭೋಗ್ಯದಲ್ಲಿದ್ರೆ ಅವ್ರ ದುಡ್ಡು ವಾಪಸ್ ಕೊಡೋರು ಯಾರು? ರಿಜಿಸ್ಟರ್ ಮಾಡಿಸ್ದೆ ಇದ್ದ ಭೋಗ್ಯ ಇಸಿನಲ್ಲಿ (ಆಸ್ತಿ ಮೇಲಿನ ಋಣ, ವಹಿವಾಟು ತೋರ್ಸೋ ಸಬ್ ರಿಜಿಸ್ಟ್ರಾರ್ ಪತ್ರ) ಕಾಣಲ್ಲ. ಅದಕ್ಕೇ ಮನೆ ಒಳಗಿರೋರ ಹತ್ರನೇ ನೇರವಾಗಿ ಕೇಳಿ, ನೀವು ಬಾಡಿಗೆನಾ ಲೀಸಾ, ಎಷ್ಟು ಕೊಟ್ಟಿದೀರಾ ಅಂತ, ಆ ಮೊತ್ತ, ಬಾಡಿಗೆ ಅಡ್ವಾನ್ಸೂ ಸೇರ್ಸಿ, ಮಾರೋನಿಗೆ ಕೊಡೋ ದುಡ್ಡಲ್ಲಿ ಕಳೀರಿ.

ಸಾಲ ಮಾಡಿ ತಗೊಳೋರಿಗೆ ಎರಡೇ ಮಾತು. 60 ಲಕ್ಷ ಸಾಲ, 8.5 ಬಡ್ಡಿ, 20 ವರ್ಷ ಅಂದ್ರೆ ಇಎಂಐ ತಿಂಗ್ಳಿಗೆ 52 ಸಾವಿರ. ನಿವ್ವಳ ಬಾಡಿಗೆ ತಿಂಗ್ಳಿಗೆ 18 ಸಾವಿರ. ಮಿಕ್ಕ 34 ಸಾವಿರ ನಿಮ್ಮ ಸಂಬ್ಳದಿಂದ, ಬಾಡಿಗೆಯವ್ರು ಇದ್ರೂ ಇಲ್ದಿದ್ರೂ. "ಬಾಡಿಗೇಲೇ ಇಎಂಐ ಕಟ್ಕೊಂಡು ಹೋಗತ್ತೆ" ಅಂತ ಯಾರಾದ್ರೂ ಹೇಳಿದ್ರೆ ಅವ್ರ ಹತ್ರ ಪೆನ್ ಕೊಡಿ.

ತೆರಿಗೆ ಸ್ವಲ್ಪ ನಿಮ್ಮ ಕಡೆಗಿದೆ. ಬಂದ ಬಾಡಿಗೇಲಿ ಪಾಲಿಕೆ ಕಂದಾಯ ಕಳೆದು, ಉಳಿದಿದ್ರಲ್ಲಿ 30 ಪರ್ಸೆಂಟ್ ಸುಮ್ನೆ ಬಿಡ್ತಾರೆ, ಬಿಲ್ಲು ಕೇಳಲ್ಲ. ನಮ್ಮ ಲೆಕ್ಕದಲ್ಲಿ 2 ಲಕ್ಷ 75ಕ್ಕೆ ತೆರಿಗೆ ಲೆಕ್ಕಕ್ಕೆ ಬರೋದು 1 ಲಕ್ಷ 86 ಸಾವಿರ. ಬಣ್ಣ ರಿಪೇರಿ ಬೇರೆ ತೋರ್ಸೋಕಾಗಲ್ಲ, ಅದೆಲ್ಲಾ ಆ 30ರಲ್ಲೇ ಬಂತು. ಸಾಲದ ಬಡ್ಡಿನೂ ಕಳೀಬಹುದು, ಆದ್ರೆ ಹೊಸ ತೆರಿಗೆ ಪದ್ಧತೀಲಿ ಬಾಡಿಗೆಗಿಂತ ಬಡ್ಡಿ ಜಾಸ್ತಿ ಆಗಿ ನಷ್ಟ ಬಂದ್ರೆ ಅದನ್ನ ಸಂಬ್ಳದಲ್ಲಿ ಕಳೆಯೋಕೆ ಬರಲ್ಲ, ಹಳೇದ್ರಲ್ಲಿ 2 ಲಕ್ಷದ ತನಕ ಬರತ್ತೆ. ಎರಡು ವರ್ಷ ಇಟ್ಕೊಂಡು ಆಮೇಲೆ ಮಾರಿದ್ರೆ ಲಾಭದ ಮೇಲೆ 12.5 ಪರ್ಸೆಂಟ್.

ಕಾಗದ ಪತ್ರ ಅಂದ್ರೆ ಇ-ಖಾತೆ, ಇಸಿ, ಲೇಔಟ್ ಅಪ್ರೂವಲ್, ಕಟ್ಟಡದ ಲೈಸೆನ್ಸು, ಇದನ್ನ ವಕೀಲ್ರು ನೋಡ್ಲಿ. ಗಳಿಕೆ ಲೆಕ್ಕಕ್ಕೆ ಸಂಬಂಧ ಪಟ್ಟಿದ್ದು ಒಂದಿದೆ. ಬಿ ಖಾತೆ ಮನೆ, ರೆವಿನ್ಯೂ ಸೈಟಿನ ಮನೆ, ಅಂದ್ರೆ ಅಪ್ರೂವಲ್ ಸರಿಯಾಗಿ ಇಲ್ದೇ ಇರೋವು, ಕಮ್ಮಿಗೆ ಸಿಗತ್ತೆ, ಬಾಡಿಗೆ ಮಾತ್ರ ಪಕ್ಕದ ಮನೆಯಷ್ಟೇ ಬರತ್ತೆ, ಯಾಕಂದ್ರೆ ಬಾಡಿಗೆಯವ್ರು ಖಾತೆ ಕೇಳಲ್ಲ. ಹಾಗಾಗಿ ಪರ್ಸೆಂಟ್ ನೋಡಿದ್ರೆ ಅದೇ ಚೆನ್ನಾಗಿ ಕಾಣತ್ತೆ. ಆದ್ರೆ ನೀವು ಮಾರೋ ದಿನ ಬರೋರಿಗೆ ಬ್ಯಾಂಕ್ ಸಾಲ ಕೊಡೋಕೆ ಹಿಂದೆಮುಂದೆ ನೋಡತ್ತೆ, ಪೂರ್ತಿ ಕ್ಯಾಶ್ ಇಟ್ಕೊಂಡು ಬರೋನು ಚೌಕಾಸಿ ಮಾಡ್ದೆ ಬಿಡ್ತಾನಾ. ಇದೇ ಥರ ಕಾಣೋ ಆದ್ರೆ ನಂಗೆ ಇಷ್ಟ ಆಗೋದು ದಕ್ಷಿಣದ ಬಾಗ್ಲಿನ ಮನೆ. ವಾಸ್ತು ಅಂತ ತಗೊಳೋರು ಹಿಂದೆ ಸರೀತಾರೆ, ರೇಟು ಇಳಿಯತ್ತೆ, ಬಾಡಿಗೆ ಅಷ್ಟು ಇಳಿಯಲ್ಲ. ಮಾರುವಾಗ ನೀವೂ ಕಮ್ಮಿಗೇ ಮಾರ್ಬೇಕು, ನಿಜ, ಆದ್ರೆ ತಗೊಳ್ವಾಗ್ಲೇ ಕಮ್ಮಿ ಹಾಕಿರ್ತೀರಲ್ಲ. ನಮ್ಮಮ್ಮ ಈ ಮಾತು ಕೇಳಿದ್ರೆ ಮನೆಯಿಂದ ಹೊರಗೆ ಹಾಕ್ತಾರೆ, ಅದು ಬೇರೆ. ಹಾಗೇ ಎರಡು ಮನೆಗೂ ಬೇರೆ ಬೇರೆ ಮೀಟರ್ ಇದೆಯಾ ನೋಡಿ, ಗೃಹಜ್ಯೋತಿ ಬಂದ್ಮೇಲೆ 200 ಯೂನಿಟ್ ಒಳಗಿನ ಸಂಸಾರದವ್ರು ಬಂದ ತಕ್ಷಣ ಕೇಳೋದು ಅದನ್ನೇ, ಒಂದೇ ಮೀಟರ್ ಇದ್ರೆ ಬಾಡಿಗೇಲಿ ಐನೂರು ಕಮ್ಮಿ ಮಾಡಿ ಅಂತಾರೆ.

ಕೊನೇದಾಗಿ ಲೆಕ್ಕನ ತಿರುಗಿಸಿ ಹಾಕಿ, ಚೌಕಾಸಿಗೆ ಕೂರೋ ಮುಂಚೆ. ನಂಗೆ ನಿವ್ವಳ 3 ಪರ್ಸೆಂಟ್ ಆದ್ರೂ ಬರ್ಬೇಕು ಅಂದ್ಕೊಂಡ್ರೆ ಎಷ್ಟಕ್ಕೆ ತಗೋಬಹುದು? 2 ಲಕ್ಷ 16 ಸಾವಿರನ 3 ಪರ್ಸೆಂಟಿಗೆ ಭಾಗ್ಸಿದ್ರೆ 72 ಲಕ್ಷ, ಅದು ಎಲ್ಲಾ ಖರ್ಚು ಸೇರಿ. ರಿಜಿಸ್ಟ್ರೇಷನ್ ಬ್ರೋಕರ್ ರಿಪೇರಿ ಕಳೆದ್ರೆ ಮನೆಗೆ ಕೊಡಬಹುದಾದ್ದು ಹತ್ತಿರ ಹತ್ತಿರ 65 ಲಕ್ಷ. 85 ಹೇಳ್ದೋನ ಹತ್ರ 65 ಅಂದ್ರೆ ಕಾಫಿನೂ ಕೊಡಲ್ಲ ಅಂದ್ರು ಭಾವ. ಆದ್ರೂ ಹೋದ್ವಿ, ಕಾಫಿ ಕೊಟ್ರು, 80ಕ್ಕೆ ಇಳಿದ್ರು, ನಾವು 70ರ ಮೇಲೆ ಹತ್ಲಿಲ್ಲ. ಮಕ್ಕಳು ಓದೋಕೆ ಅಲ್ಲೇ ಇರ್ತಾರೆ ಅನ್ನೋದಾದ್ರೆ ಕೆಳಗಿನ ಮನೆಗೆ ಹಾಸ್ಟೆಲ್ ಖರ್ಚು ಉಳಿತಾಯ ಅಂತ ಇನ್ನೊಂದೆರಡು ಲಕ್ಷ ಏರಬಹುದಿತ್ತು, ಆದ್ರೆ ಭಾವನ ಮಗಳಿಗೆ ಮೂಡಬಿದ್ರೆ ಕಾಲೇಜೇ ಬೇಕಂತೆ.

ಈಗ ಆಲ್ಕೊಳ ಕಡೆ ಇನ್ನೊಂದು ಮನೆ ನೋಡಿಟ್ಟಿದೀವಿ, ದಕ್ಷಿಣದ ಬಾಗ್ಲು, 62 ಹೇಳ್ತಿದಾರೆ, ಕ್ರಾಸಲ್ಲಿ ಫೋನ್ ಮಾಡಿ ವಿಚಾರ್ಸಿದ್ದಕ್ಕೆ ಬಾಡಿಗೆ 20 ಸಾವಿರ ಸಿಗತ್ತೆ ಅನ್ಸತ್ತೆ. ಗೋಡೆ ನೋಡ್ದೆ, ಹೆಬ್ಬೆಟ್ಟಿಗೆ ಏನೂ ಉದುರ್ಲಿಲ್ಲ, ಆದ್ರೆ ಮೊನ್ನೆ ತಾನೇ ಬಣ್ಣ ಹೊಡ್ಸಿದಾರೆ. ಮಾರೋರು ಈ ತಿಂಗ್ಳಲ್ಲೇ ಅಗ್ರಿಮೆಂಟ್ ಮಾಡ್ಕೊಳ್ಳಿ ಅಂತಿದಾರೆ, ಭಾವ ಆಷಾಢ ಕಳೀಲಿ ಅಂದಿದಾರೆ. ಆಷಾಢದ ನೆಪ ಅಷ್ಟೇ, ಜುಲೈಲಿ ಒಂದು ವಾರ ಜಡಿಮಳೆ ಹಿಡಿದ್ಮೇಲೆ ಹೇಳ್ದೆ ಕೇಳ್ದೆ ಹೋಗಿ ಟೆರೇಸ್ ಹತ್ತೋಣ ಅಂತ.